ಹೊತ್ತು ಮುಳುಗುವುದರೊಳಗೆ

ಸತ್ತವರನ್ನು ಸಜ್ಜನರನ್ನಾಗಿ ಮಾಡುವುದರಲ್ಲಿ ಸಿಲಾಸ ಮಾಸ್ತರರನ್ನು ಸರಿಗಟ್ಟುವವರು ಬೀದರ ಸೀಮೆಯಲ್ಲೇ ಇರಲಿಲ್ಲ. ಮಣ್ಣಿಗೆ ಒಯ್ಯುವ ಮುಂಚೆ ಚರ್ಚಿನಲ್ಲಿ ಸತ್ತವರ ಜೀವನಚರಿತ್ರೆ ಓದುತ್ತಾರಲ್ಲ, ಇಪ್ಪತ್ತೆರಡು ವರ್ಷದಿಂದ ಅದನ್ನು ಬರೆಯುವುದೂ ಅವರೇ, ಓದುವುದೂ ಅವರೇ. ಹುಟ್ಟಿದ ಊರು, ಓದಿದ ಸಾಲೆ, ಮದುವೆಯಾದ ವರ್ಷ, ಮಕ್ಕಳ ಹೆಸರು, ಇಷ್ಟನ್ನು ಮನೆಯವರು ಕೊಡುತ್ತಿದ್ದರು. ಮಿಕ್ಕಿದ್ದನ್ನು ಮಾಸ್ತರರು ತಮ್ಮ ಪದರಿನಿಂದ ಹಾಕುತ್ತಿದ್ದರು. ಕುಡುಕನು ಅವರ ಕೈಯಲ್ಲಿ ಸ್ನೇಹಜೀವಿಯಾಗುತ್ತಿದ್ದ. ಜಗಳಗಂಟಿ ನೇರ ನಡೆನುಡಿಯ ತಾಯಿಯಾಗುತ್ತಿದ್ದಳು. ಹೆಂಡತಿಯ ಮುಖ ನೋಡಲಾರದೆ ಹತ್ತು ವರ್ಷ ಸೊಲ್ಲಾಪುರದಲ್ಲಿ ತಲೆಮರೆಸಿಕೊಂಡಿದ್ದವನು ಕುಟುಂಬಕ್ಕಾಗಿ ದೂರದೂರಿನಲ್ಲಿ ಬೆವರು ಸುರಿಸಿದವನಾಗುತ್ತಿದ್ದ. ಕೇಳಿದವರು ಕಣ್ಣೊರೆಸಿಕೊಂಡು, ಮನೆಗೆ ಹೋಗಿ, ಖರೇ ಸಂಗತಿ ಮಾತಾಡಿಕೊಳ್ಳುತ್ತಿದ್ದರು.

ಕಂಪೌಂಡರ್ ನೋಹಪ್ಪ ತೀರಿಕೊಂಡ ದಿನ ಮಾತ್ರ ಎಡವಟ್ಟಾಯಿತು. "ನೆರೆಹೊರೆಯವರೊಂದಿಗೆ ಒಂದು ದಿನವೂ ಮನಸ್ತಾಪ ಮಾಡಿಕೊಳ್ಳದ ಶಾಂತಮೂರ್ತಿ" ಎಂದು ಮಾಸ್ತರರು ಗದ್ಗದ ದನಿಯಲ್ಲಿ ಓದುತ್ತಿದ್ದಂತೆ, ಮೂರನೆಯ ಬೆಂಚಿನಿಂದ ಕಿಸಕ್ಕನೆ ನಗು ಬಂತು. ಇಡೀ ಸಭೆ ತಿರುಗಿ ನೋಡಿತು. ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮಿದಂತೆ ನಟಿಸುತ್ತ ಕೂತವಳು ಸಲೋಮಿ ಸಿಸ್ಟರ್. ನಗದೆ ಏನು ಮಾಡಿಯಾಳು? ನೌಬಾದದಲ್ಲಿ ನೋಹಪ್ಪನ ಗೋಡೆಗೆ ಗೋಡೆ ಹಚ್ಚಿ ಅವಳ ಮನೆ. ತನ್ನ ಪೇರಲ ಗಿಡದ ಒಣಗಿದ ಎಲೆಯನ್ನೆಲ್ಲ ಗುಡಿಸಿ, ಬುಟ್ಟಿಗೆ ತುಂಬಿ, ಗೋಡೆಯ ಮೇಲಿಂದ ಅವಳ ಅಂಗಳಕ್ಕೆ ಸುರಿಯುವುದನ್ನು ಆ ಶಾಂತಮೂರ್ತಿ ಹತ್ತು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ.

ನಗು ಬಂದದ್ದು ಬಂತು. ಆದರೆ ಮನೆಗೆ ಬಂದು ಕಾಲು ತೊಳೆಯುವಾಗ ಸಲೋಮಿಗೆ ಇನ್ನೊಂದು ಹೊಳೆಯಿತು. ನಾಳೆ ತಾನು ಪೆಟ್ಟಿಗೆಯಲ್ಲಿ ಮಲಗಿದಾಗಲೂ ಈ ಮಹಾರಾಯನೇ ಎದ್ದು ನಿಂತು ಏನೇನೋ ಓದುತ್ತಾನೆ. ಆಗ ಎದ್ದು ತಿದ್ದಲು ಬರುತ್ತದೆಯೆ? ಯಾವಳೋ ಒಬ್ಬಳು ಮೂರನೆಯ ಬೆಂಚಿನಲ್ಲಿ ಕೂತು ಕಿಸಕ್ಕನೆ ನಕ್ಕರೆ? ಛೀ, ಇದು ಆಗಬಾರದು ಅಂದುಕೊಂಡಳು. ಮರುದಿನ ಬೆಳಿಗ್ಗೆಯೇ ಮಾಸ್ತರರಿಗೆ ಫೋನು ಹೋಯಿತು.

"ಸಿಲಾಸಾ, ನಂದು ಬರಿ."

"ಏನ್ ಬರೀಲ್ರಿ ಅಕ್ಕಾ?"

"ಜೀವನಚರಿತ್ರಿ. ಬರದು ತಂದು ನನ್ನ ಮುಂದ ಓದು. ಕೇಳಿ ಸಾಯ್ತೇನಿ."

"ಅಕ್ಕಾ, ಹಂಗ ಅಪಶಕುನ ಮಾತಾಡಬ್ಯಾಡ್ರಿ."

"ಎಪ್ಪತ್ತಮೂರಕ್ಕ ಎಲ್ಲೀ ಶಕುನ, ಎಲ್ಲೀ ಅಪಶಕುನ? ಬಿ.ಪಿ. ಅದ, ಸಕ್ಕರಿ ಅದ, ಮ್ಯಾಲ ನೀನೊಬ್ಬ ಇದ್ದಿ. ಒಂದೇ ಒಂದು ಸುಳ್ಳು ಬರದಿ ಅಂದ್ರ ನೋಡು."

ಹಲಬರ್ಗಾದ ಹೊಲಮನೆಯಿಂದ ನರ್ಸಿಂಗ್ ಕಲಿಯಲು ಬಂದು, ಭಾಲ್ಕಿಯ ಒಂದು ಸಣ್ಣ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತೆಂಟು ವರ್ಷ ಕಳೆದವಳು ಸಲೋಮಿ. ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ, "ಪುರುಸೊತ್ತಾಗಲಿಲ್ಲ" ಅನ್ನುತ್ತಿದ್ದಳು. ಅವಳ ಕೈಯಲ್ಲಿ ಕಲಿತು ಹೋದ ಹುಡುಗಿಯರು ಮುನ್ನೂರಕ್ಕೆ ಕಮ್ಮಿಯಿಲ್ಲ. ಕೆಲಸಕ್ಕಿಂತ ಹೆಚ್ಚಾಗಿ ಅವರು ಕಲಿತದ್ದು ಅವಳ ನೇಮಗಳನ್ನು. ಅಳೋದಿದ್ರ ಡ್ಯೂಟಿ ಮುಗಿಸಿ ಅಳ್ರಿ. ರೋಗಿ ಮುಂದ ನಿಮ್ಮ ಕಷ್ಟ ಹೇಳಬ್ಯಾಡ್ರಿ, ಅವರೇನು ನಿಮ್ಮನ್ನ ನೋಡ್ಲಿಕ್ಕ ಅಡ್ಮಿಟ್ ಆಗಿಲ್ಲ. ನಿಮ್ಮ ಬಾಳೇವು ಸುಧಾರಿಸ್ಲಿಕ್ಕ ಯಾರೂ ಬರಂಗಿಲ್ಲ, ಬಂದ್ರೂ ಚಹಾ ಕುಡದು ಹೋಗ್ತಾರ. ಇವೆಲ್ಲಕ್ಕೂ ಮೇಲೆ ಒಂದಿತ್ತು: ತಪ್ಪು ಮಾಡಿದ್ರ ಹೊತ್ತು ಮುಳುಗೂದ್ರೊಳಗ ಒಪ್ಕೊಳ್ರಿ, ರಾತ್ರಿ ಆಯ್ತಂದ್ರ ತಪ್ಪಿಗಿ ಹಲ್ಲು ಬರ್ತಾವ.

ಈ ಕೊನೆಯ ಮಾತನ್ನು ಆ ಹುಡುಗಿಯರು ಇವತ್ತಿಗೂ ಫೋನು ಮಾಡಿ ನೆನೆಯುತ್ತಾರೆ. ಒಬ್ಬಳು ತನ್ನ ವಾರ್ಡಿನ ಗೋಡೆಗೆ ಬರೆಸಿದ್ದಾಳಂತೆ. ಇನ್ನೊಬ್ಬಳು ಗಂಡನ ಮೇಲೆ ಪ್ರಯೋಗಿಸುತ್ತಾಳಂತೆ.

ನಾಲ್ಕು ದಿನ ಬಿಟ್ಟು ಮಾಸ್ತರರು ನೋಟುಬುಕ್ಕು ಹಿಡಿದು ನೌಬಾದಕ್ಕೆ ಬಂದರು. ಸಲೋಮಿ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು, ಡ್ಯೂಟಿ ಕಾಲದ ಕೆಂಪು ಪೆನ್ನು ಬಿಚ್ಚಿಟ್ಟುಕೊಂಡು ಕೂತಿದ್ದಳು. ಅರವತ್ತೆರಡರ ಮಾಸ್ತರರಿಗೆ ಮತ್ತೆ ಪರೀಕ್ಷೆಗೆ ಕೂತಂತೆ ಆಯಿತು.

"ಮೃದುಭಾಷಿಯಾಗಿದ್ದ ಸಲೋಮಿಯವರು..."

"ಹೊಡಿ. ಯಾರು ಮೃದು? ನನ್ನ ದನಿ ಕೇಳಿ ಹೆರಿಗಿ ಆಗ್ಯಾವ."

"ಎಲ್ಲರ ಪ್ರೀತಿಗೆ ಪಾತ್ರರಾಗಿ..."

"ಹೆದರಿಕಿಗಿ ಪಾತ್ರ ಅಂತ ಬರಿ."

"ಚುಚ್ಚಿದ್ದು ಗೊತ್ತಾಗದಂತೆ ಸೂಜಿ ಹಾಕುತ್ತಿದ್ದರು."

"ಅದು ಖರೇ. ಇರ್ಲಿ."

ಹೀಗೆ ಎರಡು ಪುಟ ಕೆಂಪಾದವು. ಮಾಸ್ತರರು ಮೂರನೆಯ ಪುಟಕ್ಕೆ ಬಂದು ನಿಟ್ಟುಸಿರು ಬಿಟ್ಟು ಓದಿದರು: "ತಮ್ಮಿಂದ ತಪ್ಪಾದರೆ ಹೊತ್ತು ಮುಳುಗುವುದರೊಳಗೆ ಒಪ್ಪಿಕೊಳ್ಳುವುದು ಅವರ ಬಾಳಿನ ನೇಮವಾಗಿತ್ತು. ಅದನ್ನು ಅವರು ಒಮ್ಮೆಯೂ ಮೀರಲಿಲ್ಲ."

ಪೆನ್ನು ಎದ್ದಿತು, ಅಲ್ಲೇ ನಿಂತಿತು. ಸಲೋಮಿ ಎದ್ದು ಒಳಗೆ ಹೋಗಿ ಒಂದು ತಂಬಿಗೆ ನೀರು ಕುಡಿದು ಬಂದಳು. ಮತ್ತೆ ಪೆನ್ನು ಹಿಡಿದಳು. ಗೆರೆ ಹೊಡೆಯಲು ಕೈ ಬರಲೊಲ್ಲದು. ಉಳಿದ ಸಾಲುಗಳೆಲ್ಲ ಹೋದರೆ ಹೋಗಲಿ, ಈ ಒಂದು ಸಾಲು ಅವಳಿಗೆ ಬೇಕಾಗಿತ್ತು. ಮುನ್ನೂರು ಹುಡುಗಿಯರ ಮುಂದೆ ಇದು ಹೋಯಿತೆಂದರೆ ಅವಳದು ಅಂತ ಏನುಳಿಯಿತು? ಬರೀ ಬಾಯಿ.

"ಏನಾತ್ರಿ ಅಕ್ಕಾ? ಇದೂ ಸುಳ್ಳೇನು?" ಮಾಸ್ತರರು ಮೆಲ್ಲಗೆ ಕೇಳಿದರು.

"ಒಮ್ಮೆ ಮೀರೇನಿ" ಅಂದಳು ಸಲೋಮಿ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅದನ್ನು ಒಬ್ಬರ ಮುಂದೆ ಬಾಯಿಬಿಟ್ಟು ಹೇಳಿದಳು.

ಆದದ್ದು ಇಷ್ಟು. ಅವಳು ರಿಟೈರ್ ಆಗುವ ವರ್ಷ. ಸೂಜಿ, ಇಕ್ಕಳ, ಕತ್ತರಿ ಕುದಿಸುವ ಕರೆಂಟಿನ ಪೆಟ್ಟಿಗೆಯೊಂದು ವಾರ್ಡಿನಲ್ಲಿತ್ತು. ದಿನಾ ಅದನ್ನು ಹಚ್ಚುವವಳು ಆಯಾ ಸಕೀನಾ. ಅವತ್ತು ಸಕೀನಾ ಬೇರೆ ಕೆಲಸದಲ್ಲಿದ್ದಳೆಂದು ಸಲೋಮಿ ತಾನೇ ಹಚ್ಚಿದಳು. ಹಚ್ಚಿ, ಹೊಸದಾಗಿ ಬಂದ ಹುಡುಗಿಯರನ್ನು ವರಾಂಡದಲ್ಲಿ ಸಾಲಾಗಿ ನಿಲ್ಲಿಸಿ ಭಾಷಣ ಸುರು ಮಾಡಿದಳು. ಯಾವುದರ ಬಗ್ಗೆ ಭಾಷಣ? ಕೇಳಿದರೆ ನಗುತ್ತೀರಿ. ತಪ್ಪು ಮಾಡಿದರೆ ಹೊತ್ತು ಮುಳುಗುವುದರೊಳಗೆ ಒಪ್ಪಿಕೊಳ್ಳಬೇಕು ಎಂಬುದರ ಬಗ್ಗೆ. ಭಾಷಣ ಬಣ್ಣ ಕಟ್ಟಿತು, ಉದಾಹರಣೆಯ ಮೇಲೆ ಉದಾಹರಣೆ ಬಂತು. ಅತ್ತ ಪೆಟ್ಟಿಗೆಯ ನೀರು ಬತ್ತಿ, ಇಕ್ಕಳ ಕಪ್ಪಾಗಿ, ವಾರ್ಡಿನ ತುಂಬ ಹೊಗೆ. ಓಡಿ ಬಂದು ಬರಿಗೈಯಲ್ಲೇ ಅದನ್ನು ಎಳೆದು ಕೆಳಗೆ ಹಾಕಿದವಳು ಸಕೀನಾ. ಅಂಗೈ ಸುಟ್ಟು ಹೋಯಿತು. ಅಷ್ಟರಲ್ಲಿ ಬಂದ ದೊಡ್ಡ ಡಾಕ್ಟರಿಗೆ ಕಂಡದ್ದು ಪೆಟ್ಟಿಗೆಯ ಪಕ್ಕ ನಿಂತ ಸಕೀನಾ. ಎಲ್ಲರೆದುರು ಬಾಯಿಗೆ ಬಂದಂತೆ ಬೈದರು. ಸಲೋಮಿ ಅಲ್ಲೇ ನಿಂತಿದ್ದಳು. ಹುಡುಗಿಯರ ಸಾಲು ಅವಳ ಹಿಂದೆಯೇ ಇತ್ತು. ನಾಲಿಗೆ ಏಳಲಿಲ್ಲ. ಸಂಜೆ ಹೇಳಿದರಾಯಿತು ಅಂದುಕೊಂಡಳು. ಹೊತ್ತು ಮುಳುಗಿತು. ಮರುದಿನ ಸಕೀನಾಳನ್ನು ಬಟ್ಟೆ ಒಗೆಯುವ ಕಡೆಗೆ ಹಾಕಿದರು. ನಾಲ್ಕು ತಿಂಗಳಿಗೆ ಅವಳು ಕೆಲಸ ಬಿಟ್ಟು ಔರಾದಕ್ಕೆ, ಮಗಳ ಮನೆಗೆ ಹೋಗಿಬಿಟ್ಟಳು.

"ಮೂವತ್ತು ವರ್ಷ ಒಂದೇ ಡಬ್ಬಿಯೊಳಗ ಉಂಡೇವಿ ಸಿಲಾಸಾ. ಆಕಿ ರೊಟ್ಟಿ, ನನ್ನ ಪಲ್ಯಾ." ಸಲೋಮಿಯ ಕಣ್ಣಲ್ಲಿ ನೀರಾಡಿತು.

ಮಾಸ್ತರರು ಇಪ್ಪತ್ತೆರಡು ವರ್ಷದ ಅನುಭವಸ್ಥರು. "ಸತ್ತ ಮ್ಯಾಲ ಯಾರು ಕೆದಕಿ ನೋಡ್ತಾರ್ರಿ ಅಕ್ಕಾ? ಮುಂದಿನ ಸಾಲಿಗಿ ಹೋಗೂಣ" ಅಂದರು.

"ಮುಂದಿನ ಸಾಲಿಗಲ್ಲ, ಔರಾದಕ್ಕ ಹೋಗೂಣ. ನೀನೂ ಬಾ. ಬರಿಯಾಂವ ಕಣ್ಣಿಲೆ ನೋಡಿ ಬರೀಲಿ."

ಮರುದಿನ ಇಬ್ಬರೂ ಬೀದರದ ಬಸ್ ನಿಲ್ದಾಣದಲ್ಲಿ ಔರಾದದ ಬಸ್ಸು ಹತ್ತಿದರು. ಸಲೋಮಿಯ ತೊಡೆಯ ಮೇಲೆ ಪೇರಲ ಹಣ್ಣಿನ ಚೀಲ. ನೋಹಪ್ಪನ ಹೆಂಡತಿ ಗೋಡೆಯ ಮೇಲಿಂದ ಕೊಟ್ಟದ್ದು. ಆ ಗೋಡೆ ದಾಟಿ ಎಲೆಯ ಬದಲು ಹಣ್ಣು ಬಂದದ್ದು ಅದೇ ಮೊದಲು. ಕಂಡಕ್ಟರ್ ಬಂದ. ಸಲೋಮಿ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೇಟು ಹರಿಸಿಕೊಂಡಳು, ಮಾಸ್ತರರು ಕಿಸೆಗೆ ಕೈ ಹಾಕಿದರು. "ಹೆಣ್ಣಾಗಿ ಹುಟ್ಟಿದ್ದಕ್ಕ ಈ ವಯಸ್ಸಿನಾಗರೆ ಒಂದು ಲಾಭ ಆತು ನೋಡು" ಎಂದು ಅವರ ಗಾಯಕ್ಕೆ ಉಪ್ಪು ಸವರಿದಳು. ಆಮೇಲೆ ಸಂತಪೂರ ಬರುವವರೆಗೆ ಮಾತಿಲ್ಲ. ಕಿಟಕಿಯ ಕಡೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತಿದ್ದಳು. ಪ್ರಾರ್ಥನೆ ಇರಬೇಕೆಂದು ಮಾಸ್ತರರು ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡರು. ಪ್ರಾರ್ಥನೆಯಲ್ಲ. ಸಕೀನಾಳ ಮುಂದೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದಳು.

ಔರಾದದಲ್ಲಿ ಕೇಳುತ್ತ ಕೇಳುತ್ತ ಓಣಿ ಹಿಡಿದರು. ಸಕೀನಾಳ ಮಗಳು ನಸ್ರೀನ ಬಟ್ಟೆ ಹೊಲಿಯುತ್ತಾಳೆ, ಹಾಗಾಗಿ ಮನೆ ಸಿಕ್ಕಿತು. ಬಾಗಿಲಿಗೆ ಕೀಲಿ ಇತ್ತು. ಎದುರು ಮನೆಯ ಕಟ್ಟೆಯ ಮೇಲೆ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದ ಹೆಂಗಸು ಕರೆದಳು.

"ಬರ್ರಿ, ಇಲ್ಲಿ ಕೂಡ್ರಿ. ಅವ್ವ ಮಗಳು ಬಜಾರಕ್ಕ ಹೋಗ್ಯಾರ, ಈಗ ಬರ್ತಾರ. ನಾ ಅಂಜನಾಬಾಯಿ. ನೀವು ಯಾವೂರವರ್ರಿ?"

"ಬೀದರದವರು. ಮೊದಲ ಭಾಲ್ಕಿ ಆಸ್ಪತ್ರಿಯೊಳಗ ಸಕೀನಾನ ಜೋಡಿ ಇದ್ದೆ."

ಅಂಜನಾಬಾಯಿ ಮೊರ ಕೆಳಗಿಟ್ಟಳು. "ಅಯ್ಯ! ಹಂಗಾರ ಆ ಸಲೋಮಿ ಸಿಸ್ಟರ್ ನಿಮಗ ಗೊತ್ತಿರಬೇಕಲ್ರಿ? ಪಾಪ, ದೇವರಂಥ ಮನಷ್ಯಾಳು. ಸತ್ತು ಹೋದ್ರು."

ಮಾಸ್ತರರ ಕೈಯಿಂದ ನೋಟುಬುಕ್ಕು ಜಾರಿ ಬಿತ್ತು. ಸಲೋಮಿ ತನ್ನ ನಾಡಿಯನ್ನು ತಾನೇ ಹಿಡಿದು ನೋಡಿಕೊಂಡಳು. ಅಭ್ಯಾಸಬಲ.

"ಯಾವಾಗ ಸತ್ತಳಂತ್ರಿ?" ಅಂತ ಕೇಳಿದಳು.

"ಆಗ್ಯಾವಲ್ರಿ ಹತ್ತು ವರ್ಷ. ನಮ್ಮ ಸಕೀನಾ ಇಲ್ಲಿಗಿ ಬಂದ ಮ್ಯಾಲೇ ಸುದ್ದಿ ಬಂತಂತ. ಆಕಿ ಹೇಳಿ ಹೇಳಿ ಈ ಓಣಿಯೊಳಗ ಎಲ್ಲರಿಗೂ ಆ ಸಿಸ್ಟರ್ ಕಥಿ ಬಾಯಿಪಾಠ ಆಗ್ಯಾದ. ಒಂದು ದಿನ ಏನೋ ಕರೆಂಟಿನ ಪೆಟ್ಟಿಗಿ ಸುಟ್ಟಿತಂತ. ಸಕೀನಾನ ಅಂಗೈ ನೋಡೀರೇನು ನೀವು? ಅವತ್ತೇ ಸುಟ್ಟದ್ದು. ಡಾಕ್ಟರ್ ಬಂದು ಈಕಿನ್ನೇ ಬೈಲಿಕ್ಕ ಹತ್ತಿದ್ರಂತ. ಆ ಸಿಸ್ಟರ್ ಎಲ್ಲರ ಮುಂದ ಬಂದು ನಿಂತು, 'ಡಾಕ್ಟರ್ ಸಾಹೇಬ್ರ, ಆಕಿ ಅಲ್ಲ, ನಾನು. ತಪ್ಪು ನಂದು' ಅಂದ್ರಂತ! ಹೊತ್ತು ಮುಳುಗೂದ್ರೊಳಗ ಒಪ್ಕೊಳ್ಬೇಕಂತ ಅವರ ನೇಮ ಇತ್ತಂತ. ಎಂಥಾ ಮಂದಿ ಇದ್ರು ನೋಡ್ರಿ ಆಗ. ನನ್ನ ಸೊಸಿಗಿ ನಾ ದಿನಾ ಹೇಳ್ತೇನಿ, ಆ ಸಿಸ್ಟರ್ ಕಾಲಿನ ಧೂಳು ಕುಡಿ ಅಂತ."

ಸಲೋಮಿ ತನ್ನ ಕಾಲಿನ ಕಡೆ ನೋಡಿಕೊಂಡಳು. ಚಪ್ಪಲಿಯ ತುಂಬ ಔರಾದದ ಧೂಳೇ ಇತ್ತು. ಭೂಮಿ ಬಾಯಿ ಬಿಟ್ಟಿದ್ದರೆ ಆ ಕಟ್ಟೆಯ ಸಮೇತ ಒಳಗೆ ಹೋಗಿಬಿಡುತ್ತಿದ್ದಳು. ಸಿಲಾಸ ಮಾಸ್ತರರು ಸತ್ತವರಿಗೆ ಮಾಡಿದ್ದನ್ನು ಸಕೀನಾ ಅವಳಿಗೆ ಬದುಕಿರುವಾಗಲೇ ಮಾಡಿದ್ದಳು. ಬೈದು ಸಾಯಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಕೈಚೀಲ ಹಿಡಿದು ಸಕೀನಾ ಬಂದಳು, ಹಿಂದೆ ನಸ್ರೀನ. ಸಕೀನಾ ಕಟ್ಟೆಯ ಕಡೆ ನೋಡಿದವಳು ನಿಂತಲ್ಲೇ ನಿಂತಳು. ಮುದುಕಿಯಾಗಿದ್ದಳು, ಸಣ್ಣಗಾಗಿದ್ದಳು. ಕಣ್ಣು ಮಾತ್ರ ಅವೇ.

"ಸಕೀನಾ, ನಿಮ್ಮ ಭಾಲ್ಕಿಯವರು ಬಂದಾರ ನೋಡು!" ಅಂಜನಾಬಾಯಿ ಹಿಗ್ಗಿ ಹೇಳಿದಳು. "ಸಲೋಮಿ ಸಿಸ್ಟರ್ ಇವರಿಗೂ ಗೊತ್ತಂತ."

ಸಕೀನಾಳ ಮುಖ ಬಿಳಿಚಿಕೊಂಡಿತು. ಮಾಸ್ತರರು ಸಲೋಮಿಯ ಕಿವಿಯ ಹತ್ತಿರ ಬಂದು, "ಸುಮ್ನಿರ್ರಿ ಅಕ್ಕಾ. ಇಬ್ಬರ ಮರ್ಯಾದಿನೂ ಉಳೀತದ" ಎಂದು ಪಿಸುಗುಟ್ಟಿದರು. ಸಲೋಮಿ ಸುಮ್ಮನಿದ್ದಳು. ಅವಳಿಗೆ ಬೇಕಾಗಿದ್ದ ಆ ಸಾಲು ಈ ಓಣಿಯಲ್ಲಿ ಪುಕ್ಕಟೆ ಸಿಕ್ಕಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅವಳದೇ.

ಸಕೀನಾ ಕೀಲಿ ತೆಗೆದು ಇಬ್ಬರನ್ನೂ ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು. ನಸ್ರೀನ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನಿಗೆ ಕೂತಳು. ಹಿಂದಿನ ಅಡುಗೆ ಕೋಣೆಯಲ್ಲಿ ಚಾಪೆಯ ಮೇಲೆ ಇವರು ಮೂವರು. ಸಲೋಮಿ ಬೆನ್ನು ನೆಟ್ಟಗೆ ಮಾಡಿ, ಉಸಿರು ತೆಗೆದುಕೊಂಡು, ಬಸ್ಸಿನಲ್ಲಿ ಉರು ಹೊಡೆದದ್ದನ್ನು ಒಪ್ಪಿಸಿದಳು. "ಸಕೀನಾ, ಅವತ್ತು ಪೆಟ್ಟಿಗಿ ಹಚ್ಚಿದಾಕಿ ನಾನು. ಸುಟ್ಟಾಕಿ ನಾನು. ಬೈಸ್ಕೊಂಡಾಕಿ ನೀನು. ನಾ ನಿಂತು ನೋಡಿದೆ. ನನ್ನ ತಪ್ಪಾತು, ಮಾಫ್ ಮಾಡು."

ಸಕೀನಾ ಪೇರಲ ಹಣ್ಣೊಂದನ್ನು ಎತ್ತಿ, ಮೂಸಿ ನೋಡಿ, ಕೆಳಗಿಟ್ಟಳು.

"ಮಾತು ಚೊಲೊ ಅದರಿ ಸಿಸ್ಟರ್. ಬಸ್ಸಿನ್ಯಾಗ ಎಷ್ಟು ಸಲ ಅಂದ್ರಿ?"

"ಹದಿನಾಲ್ಕು."

"ಹಂಗೇ ಅನಸ್ತು."

"ನೀ ನನ್ನ ಸಾಯಿಸಿದ್ದು ಯಾಕ?"

ಸಕೀನಾ ಅಂಗೈ ಬಿಚ್ಚಿ ನೋಡಿಕೊಂಡಳು. ಅಡ್ಡಕ್ಕೆ ಬಿಳಿಯ ಪಟ್ಟಿಯೊಂದು ಹೊಳೆಯುತ್ತಿತ್ತು. "ಬಂದವರೆಲ್ಲ ಕೈ ನೋಡಿ ಏನಾತು ಅಂತ ಕೇಳ್ತಿದ್ರು. ಖರೇ ಹೇಳ್ಬೇಕಂದ್ರ, ಮೂವತ್ತು ವರ್ಷ ಅಂಥಾಕಿ ಜೋಡಿ ಕುಂತು ಉಂಡೆ ಅಂತ ಹೇಳ್ಬೇಕಲ್ರಿ? ನನ್ನ ಮೂವತ್ತು ವರ್ಷ ಮಣ್ಣಾಗ್ತಿತ್ತು. ಅದಕ್ಕ ನಿಮ್ಮನ್ನ ಒಳ್ಳೆಯಾಕಿ ಮಾಡಿದೆ. ಮಾಡಿದ ಮ್ಯಾಲ ಇನ್ನೊಂದು ತಲಿನೋವು ಸುರು ಆತು. ಅಷ್ಟು ಒಳ್ಳೆಯಾಕಿ ನಿನ್ನ ನೋಡ್ಲಿಕ್ಕ ಒಮ್ಮೆನೂ ಯಾಕ ಬರಂಗಿಲ್ಲ ಅಂತ ಕೇಳ್ಲಿಕ್ಕ ಹತ್ತಿದ್ರು. ಏನ್ ಹೇಳ್ಲಿ? ಸತ್ತಾಳ ಅಂದೆ. ಮುಗೀತು."

ಸಲೋಮಿಗೆ ಅಳು ಬಂತು, ಅದರ ಬೆನ್ನಿಗೆ ನಗುವೂ ಬಂತು. ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆಯಾಯಿತು.

"ಅಳೋದಿದ್ರ ಡ್ಯೂಟಿ ಮುಗಿಸಿ ಅಳ್ರಿ" ಅಂದಳು ಸಕೀನಾ. ಎದ್ದು ಒಲೆಯ ಮೇಲೆ ಹಾಲು ಇಟ್ಟಳು. "ನಮಾಜಿನ ಹೊತ್ತಾತು, ಕೈಕಾಲು ತೊಳ್ಕೊಂಡು ಬರ್ತೇನಿ. ಹಾಲು ನೋಡ್ಕೊಳ್ರಿ, ನಿಮ್ಮ ಮ್ಯಾಲ ಬಿಟ್ಟೇನಿ."

ಸಲೋಮಿ ಹಾಲು ನೋಡುತ್ತಲೇ ಇದ್ದಳು. ಆದರೆ ಮಾಸ್ತರರು ನೋಟುಬುಕ್ಕು ತೆರೆದು, "ಅಕ್ಕಾ, ಈಗ ಆ ಸಾಲು ಹ್ಯಾಂಗ ಬರೀಲ್ರಿ?" ಎಂದು ಕೇಳಿಬಿಟ್ಟರು. ಕೇಳಬಾರದಿತ್ತು. ಸಲೋಮಿ ಅವರ ಕಡೆ ತಿರುಗಿದಳು. "ನೋಡು ಸಿಲಾಸಾ, ತಪ್ಪು ಒಪ್ಕೊಳ್ಳೂದು ಅಂದ್ರ ಏನು?" ಎಂದು ಸುರು ಮಾಡಿದಳು. ಮೊದಲು ಒಂದು ಉದಾಹರಣೆ ಬಂತು. ಆಮೇಲೆ ಇನ್ನೊಂದು. ಮೂರನೆಯದು ಹಲಬರ್ಗಾದ ಅವಳ ಅಜ್ಜನದು, ಅದು ಉದ್ದನೆಯದು. ಅಜ್ಜ ಕಥೆಯಲ್ಲಿ ಇನ್ನೂ ಬಾವಿಯ ತನಕ ಬಂದಿರಲಿಲ್ಲ, ಒಲೆಯ ಕಡೆಯಿಂದ ಚುಂಯ್ ಎಂದಿತು. ಹಾಲು ಉಕ್ಕಿ, ಹರಿದು, ತಳ ಹಿಡಿದು, ಕೋಣೆಯ ತುಂಬ ಸುಟ್ಟ ವಾಸನೆ.

ಮುಂದಿನ ಕೋಣೆಯ ಮೆಷಿನ್ನು ನಿಂತಿತು. ನಸ್ರೀನ ಓಡಿ ಬಂದಳು. "ಅಮ್ಮೀ! ಮತ್ತ ಹಾಲು ಸುಟ್ರೇನು? ಎಷ್ಟು ಸಲ ಹೇಳ್ಬೇಕು ನಿಮಗ, ವಯಸ್ಸಾತು, ಒಲಿ ಹತ್ರ..."

"ನಾನು!"

ಸಲೋಮಿಯ ದನಿಗೆ ಪಾತ್ರೆಗಳೇ ಬೆಚ್ಚಿದವು. "ನಾನವ್ವ. ನಿಮ್ಮ ಅಮ್ಮಿ ಅಲ್ಲ. ಆಕಿ ನನ್ನ ಮ್ಯಾಲ ಬಿಟ್ಟು ಹೋಗಿದ್ಲು. ನಾ ಮಾತಾಡ್ಲಿಕ್ಕ ಕುಂತೆ. ಹಾಲು ಸುಟ್ಟಾಕಿ ನಾನು. ಆಕಿಗಿ ಒಂದು ಮಾತು ಅನಬ್ಯಾಡ."

ಈ ಮಾತನ್ನು ಅವಳು ಬಸ್ಸಿನಲ್ಲಿ ಒಂದು ಸಲವೂ ಅಂದುಕೊಂಡಿರಲಿಲ್ಲ. ಹಿಂದಿನ ಬಾಗಿಲಲ್ಲಿ, ಮೊಣಕೈಯಿಂದ ನೀರು ತೊಟ್ಟಿಕ್ಕಿಸುತ್ತ ಸಕೀನಾ ನಿಂತಿದ್ದಳು.

"ಎಷ್ಟು ಹೊತ್ತಾತು ನೀ ಅಲ್ಲಿ ನಿಂತು?" ಸಲೋಮಿ ಕೇಳಿದಳು.

"ಉಕ್ಕೂಕಿಂತ ಮೊದಲ ಬಂದೇನ್ರಿ."

"ಮತ್ತ ಇಳಸಬೇಕಿಲ್ಲ?"

"ಕೈ ಸುಡ್ತದಲ್ರಿ." ಸಕೀನಾ ಸೆರಗಿನಿಂದ ಕೈ ಒರೆಸಿಕೊಂಡಳು. ತುಟಿಯ ಅಂಚಿನಲ್ಲಿ ನಗು ಇತ್ತೋ ಇಲ್ಲವೋ. "ನೀವು ಏನಂತೀರಿ ನೋಡ್ಬೇಕಿತ್ತು. ಅರ್ಧ ಲೀಟರ್ ಹಾಲು ಹೋತು, ಹೋಗ್ಲಿ."

ಅವಳು ನಮಾಜು ಮುಗಿಸಿ ಬರುವಷ್ಟರಲ್ಲಿ ಸಲೋಮಿ ಪಾತ್ರೆ ತಿಕ್ಕಿ ಬೆಳ್ಳಗೆ ಮಾಡಿ, ಕಪ್ಪು ಚಹಾ ಕಾಸಿ ಇಟ್ಟಿದ್ದಳು. ಕುಡಿಯುತ್ತ ಹೇಳಿದಳು: "ಅಂಜನಾಬಾಯಿಗಿ ಹೇಳಿ ಬರ್ತೇನಿ. ಸಲೋಮಿ ಸತ್ತಿಲ್ಲ, ನಾನೇ ಅಂತ. ನಡದದ್ದು ಏನು ಅಂತ."

ಸಕೀನಾ ಕಪ್ಪು ಕೆಳಗಿಟ್ಟಳು. "ಅರೇ ಅಲ್ಲಾ, ನಕ್ಕೋ! ಬ್ಯಾಡ್ರಿ! ಹತ್ತು ವರ್ಷ ಓಣಿ ತುಂಬ ಸುಳ್ಳು ಹೇಳೀನಿ. ನಾ ಮುಖ ಹ್ಯಾಂಗ ತೋರಸ್ಲಿ? ನಿಮಗೇನ್ರಿ, ಬಸ್ ಹತ್ತಿ ಹೋಗ್ತೀರಿ. ನಾ ಇಲ್ಲೇ ಬಾಳ್ಬೇಕು."

"ಹಂಗಂತಿ? ಆತು ಬಿಡು. ನಾ ಸತ್ತಾಕಿ ಆಗೇ ಇರ್ತೇನಿ." ಸಲೋಮಿ ಚಪ್ಪಲಿ ಹುಡುಕುವವಳಂತೆ ಎದ್ದಳು. "ಆದ್ರ ಒಂದು ತಿಳ್ಕೋ. ಸತ್ತವರು ಮತ್ತ ಬರಂಗಿಲ್ಲ. ಬಕ್ರೀದಕ್ಕ ಬರಂಗಿಲ್ಲ, ಕ್ರಿಸಮಸ್ಸಿಗಿ ಕರಿಯಂಗಿಲ್ಲ. ಸತ್ತವರಿಗಿ ಫೋನೂ ಹತ್ತಂಗಿಲ್ಲ."

ಸಕೀನಾ ಕಿಟಕಿಯ ಕಡೆ ನೋಡಿದಳು. ಎದುರು ಮನೆಯ ತಗಡಿನ ಮೇಲೆ ಬಿಸಿಲು ಇನ್ನೂ ಇತ್ತು, ತೆಳ್ಳಗೆ.

"ಮಗ್ರಿಬ್ ಅಜಾನ್‌ಗಿ ಎಷ್ಟು ಹೊತ್ತದ ನಸ್ರೀನಾ, ಹೊತ್ತು ಮುಳುಗ್ಲಿಕ್ಕ?"

"ಅರ್ಧ ತಾಸು ಅಮ್ಮೀ."

"ಏಳ್ರಿ ಸಿಸ್ಟರ್. ಹೇಳೂದು ಐದು ಮನಿ ಅವ. ಲಗೂ ಲಗೂ ನಡೀರಿ."

ಸಕೀನಾ ಸಲೋಮಿಯ ಕೈ ಹಿಡಿದುಕೊಂಡು ಓಣಿಗೆ ಇಳಿದಳು. ಹನ್ನೊಂದು ವರ್ಷದ ಆ ಗಾಯದ ಕಲೆ ಸಲೋಮಿಯ ಅಂಗೈಗೆ ತಾಗಿತು. ನುಣ್ಣಗಿತ್ತು. ಕೈ ಬಿಡಿಸಿಕೊಂಡು ಓಡಿಹೋಗಬೇಕು ಅನ್ನಿಸಿತು, ಇನ್ನೂ ಗಟ್ಟಿ ಹಿಡಿದುಕೊಂಡಳು. ಹಿಂದೆ ಮಾಸ್ತರರು, ನೋಟುಬುಕ್ಕು ಸಮೇತ.

ಮೊದಲು ಅಂಜನಾಬಾಯಿಯ ಕಟ್ಟೆ. ಸಕೀನಾ ಒಂದೇ ಉಸಿರಿನಲ್ಲಿ ಹೇಳಿದಳು: "ಅಂಜನಕ್ಕ, ಸಲೋಮಿ ಸಿಸ್ಟರ್ ಸತ್ತಿಲ್ಲ. ನಾ ಸುಳ್ಳು ಹೇಳಿದ್ದೆ. ಈಕಿನೇ ಅವರು."

"ನಾ ಎಲ್ಲರ ಮುಂದ ಬಂದು ನಿಂತದ್ದೂ ಸುಳ್ಳು" ಅಂದಳು ಸಲೋಮಿ. "ಪೆಟ್ಟಿಗಿ ಸುಟ್ಟಾಕಿ ನಾನು. ಬೈಸ್ಕೊಂಡಾಕಿ ಈಕಿ. ನಾ ಬಾಯಿ ಬಿಡಲಿಲ್ಲ."

ಅಂಜನಾಬಾಯಿ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದಳು. ತೊಗರಿಯನ್ನು ನೋಡಿದಳು. ಮನೆಯೊಳಗೆ ಸೊಸೆ ಕಿಸಿಕಿಸಿ ನಕ್ಕದ್ದು ಕೇಳಿಸಿತು.

"ಅಯ್ಯ ನನ್ನವ್ವ!" ಅಂಜನಾಬಾಯಿ ಹಣೆ ಬಡಿದುಕೊಂಡಳು. "ಇದಕ್ಕಿಂತ ಆ ಸತ್ತಾಕಿನೇ ಚೊಲೊ ಇದ್ದಳಲ್ಲ!"

ಸಿಟ್ಟು ಬರಬೇಕಾಗಿತ್ತು. ಬದಲು ಸಲೋಮಿಗೆ ತಲೆಯ ಮೇಲಿನ ಕಟ್ಟಿಗೆ ಹೊರೆ ಯಾರೋ ಇಳಿಸಿಕೊಂಡಂತೆ ಆಯಿತು. "ಹೌದ್ರಿ, ಆಕಿ ಭಾಳ ಚೊಲೊ ಇದ್ಲು. ನನಗ ಆಕಿನ ಹಿಡೀಲಿಕ್ಕ ಇನ್ನೂ ಟೈಮ್ ಬೇಕು" ಅಂದಳು. ಸಕೀನಾ ಕೈ ಜಗ್ಗಿದಳು. ಎರಡನೆಯ ಮನೆ, ಬಸವಣ್ಣೆಪ್ಪನದು. ಅವನಿಗೆ ಕಿವಿ ಮಂದ, ಎರಡೆರಡು ಸಲ ಕೂಗಿ ಹೇಳಬೇಕಾಯಿತು. ಹಾಗಾಗಿ ಮೂರನೆಯ ಮನೆಯವರಿಗೆ ಹೇಳುವ ಕೆಲಸ ಉಳಿಯಲಿಲ್ಲ, ಅವರೇ ಬಾಗಿಲಿಗೆ ಬಂದು ನಿಂತಿದ್ದರು. ಆದರೂ ಇಬ್ಬರೂ ಹೇಳಿಯೇ ಮುಂದೆ ಹೋದರು. ನಾಲ್ಕನೆಯ ಮನೆಯವಳು ಕಥೆ ಪೂರ್ತಿ ಕೇಳಿ, ಒಂದು ಬಟ್ಟಲು ಶೇಂಗಾ ತಂದು ಕೊಟ್ಟಳು. ಯಾಕೆ ಕೊಟ್ಟಳೋ ಅವಳಿಗೂ ಗೊತ್ತಿರಲಿಲ್ಲ.

ಐದನೆಯ ಮನೆ ಓಣಿಯ ಕೊನೆಗಿತ್ತು, ಶಿವಕಾಂತಾಳದು. ಸಲೋಮಿಯ ಮೊಣಕಾಲು ಮುಷ್ಕರ ಹೂಡಿತ್ತು. ಅಂತೂ ಮುಟ್ಟಿದರು. ಶಿವಕಾಂತಾ ದೀಪ ಹಚ್ಚಲು ಕಡ್ಡಿಪೆಟ್ಟಿಗೆ ಹಿಡಿದು ಹೊರಗೆ ಬಂದಳು. ಸಕೀನಾ ತನ್ನ ಪಾಲು ಹೇಳಿ ಮುಗಿಸಿದಳು. ಸಲೋಮಿ ಬಾಯಿ ತೆರೆದಳು. ಅಷ್ಟರಲ್ಲಿ ಮಸೀದಿಯಿಂದ ಅಜಾನ್ ಎದ್ದಿತು.

ಸಕೀನಾ ಸೆರಗು ತಲೆಯ ಮೇಲೆ ಎಳೆದುಕೊಂಡು ಸುಮ್ಮನೆ ನಿಂತಳು. ಸಲೋಮಿಯೂ ನಿಂತಳು, ತೆರೆದ ಬಾಯಿ ಮುಚ್ಚಿ. ಮಾಸ್ತರರು ಟೊಪ್ಪಿಗೆ ತೆಗೆದರು. ಕೂಗು ಮುಗಿಯುವಷ್ಟರಲ್ಲಿ ತಗಡಿನ ಮೇಲಿನ ಬಿಸಿಲು ಹೋಗಿತ್ತು. ಹೊತ್ತು ಮುಳುಗಿಯೇ ಬಿಟ್ಟಿತ್ತು. ನಾಲ್ಕೂವರೆ ಮನೆ ಆಗಿತ್ತು, ಅರ್ಧ ಉಳಿದಿತ್ತು. ಸಲೋಮಿ, ಸಾಲೆಯಲ್ಲಿ ಗಂಟೆ ಹೊಡೆದಾಗ ಉತ್ತರ ಮುಗಿಯದ ಹುಡುಗಿಯ ಹಾಗೆ ಸಕೀನಾಳ ಮುಖ ನೋಡಿದಳು.

"ಮುಳುಗ್ತು ಸಕೀನಾ. ಇವತ್ತೂ ತಪ್ಪಿತು ನೋಡು."

"ಎಲ್ಲಿ ತಪ್ಪಿತು?" ಸಕೀನಾ ಹಿಡಿದ ಕೈ ಬಿಡಲಿಲ್ಲ. "ನಿಮ್ಮ ಮಂದಿಗಿ ನಾಳಿ ಸುರು ಆಗೂದು ನಡುರಾತ್ರಿಗಿ. ನಮಗ ಮಗ್ರಿಬ್ ಆತಂದ್ರ ಹೊಸ ದಿನ ಸುರು. ಈಗೇ ಸುರು ಆಗ್ಯಾದ. ಮುಂದಿನ ಹೊತ್ತು ಮುಳುಗ್ಲಿಕ್ಕ ಪೂರಾ ಒಂದು ದಿನ ಅದ ನಿಮ್ಮ ಹತ್ರ. ನಿಂತು ಸಾವಕಾಶ ಹೇಳ್ರಿ. ಉದಾಹರಣಿ ಮಾತ್ರ ಬ್ಯಾಡ, ನನ್ನ ನಮಾಜ್ ತಪ್ತದ."

ಸಲೋಮಿ ಶಿವಕಾಂತಾಳ ಕಡೆ ತಿರುಗಿದಳು. ಉದಾಹರಣೆ ಕೊಡಲಿಲ್ಲ. ಅಜ್ಜನನ್ನು ಕರೆಯಲಿಲ್ಲ. ಮೂರೇ ಮಾತಿನಲ್ಲಿ ಹೇಳಿ ಮುಗಿಸಿದಳು.